ಪೈಪ್ ತೂಕ 270 ಕೆಜಿ, ಬಿಲ್ಟಿಯಲ್ಲಿ 1,250: ಉದ್ದ ಸರಕಿನ ಬಾಡಿಗೆ ಲೆಕ್ಕ ತಿಳ್ಕೊಳ್ಳಿ

ಕಳೆದ ಬೇಸಿಗೆಯಲ್ಲಿ ಮಸ್ಕಿ ಹತ್ತಿರದ ನಮ್ಮ ದಾಳಿಂಬೆ ತೋಟಕ್ಕೆ ಡ್ರಿಪ್ ಮೇನ್‌ಲೈನ್ ಹಾಕಿಸಬೇಕಿತ್ತು. 90 ಎಂಎಂ ಪಿವಿಸಿ ಪೈಪು, 6 ಮೀಟರ್ ಉದ್ದದ್ದು, 50 ಬೇಕು. ಹುಬ್ಬಳ್ಳಿಯಲ್ಲಿ ರೇಟು ಕಡಿಮೆ ಸಿಕ್ತು ಅಂತ ಅಲ್ಲಿಂದ ತರಿಸಿದೆ. 4 ಕೆಜಿ ಪ್ರೆಶರಿನ ಪೈಪು ಒಂದಕ್ಕೆ ಸುಮಾರು 5.4 ಕೆಜಿ ತೂಗುತ್ತೆ, 50ಕ್ಕೆ 270 ಕೆಜಿ. ಬಾಡಿಗೆ ಕೆಜಿಗೆ 4 ರೂಪಾಯಿ ಅಂದಿದ್ರು. 1,080 ರೂಪಾಯಿ ಆಗುತ್ತೆ ಅಂದ್ಕೊಂಡು ಸಿಂಧನೂರಿನ ಗೋಡೌನಿಗೆ ಹೋದೆ. ಬಿಲ್ಟಿಯಲ್ಲಿ ಚಾರ್ಜ್ಡ್ ವೇಟ್ 1,250 ಕೆಜಿ, ಬಾಡಿಗೆ 5,000 ರೂಪಾಯಿ! ಕೌಂಟರಿನ ಹುಡುಗ, "ನಾ ಏನ್ ಮಾಡ್ಲಿ ಅಣ್ಣಾರ, ಸಿಸ್ಟಂನ್ಯಾಗ ಹಂಗ ಬರ್ತದ" ಅಂದ.

ಅವನು ಸುಳ್ಳು ಹೇಳಿರಲಿಲ್ಲ. ಸಿಸ್ಟಂನಲ್ಲಿ ಯಾರೋ ಒಂದು ನಿಯಮ ಹಾಕಿಟ್ಟಿದ್ರು: 3 ಮೀಟರ್‌ಗಿಂತ ಉದ್ದದ ಪ್ರತಿ ನಗಕ್ಕೆ ಕನಿಷ್ಠ 25 ಕೆಜಿ. ನಗ ಅಂದ್ರೆ ಹಮಾಲಿ ಒಮ್ಮೆಗೆ ಎತ್ತಿಡೋ ಒಂದು ಕಟ್ಟು ಅಥವಾ ಚೀಲ. ನನ್ನ ಪೈಪುಗಳು ಐದೈದರ 10 ಕಟ್ಟುಗಳಾಗಿ ಬಂದಿದ್ವು. ಬುಕಿಂಗ್ ಮಾಡಿದವರು ನಗದ ಜಾಗದಲ್ಲಿ 50 ಅಂತ ಹೊಡೆದಿದ್ರು. 50ನ್ನ 25ರಿಂದ ಗುಣಿಸಿದ್ರೆ 1,250. ನಗ 10 ಅಂತ ತಿದ್ದಿದ ಮೇಲೆ ಆ ನಿಯಮದ ತೂಕ 250 ಕೆಜಿಗೆ ಇಳೀತು. ಆದ್ರೂ ಬಿಲ್ 1,080ಕ್ಕೆ ಬರಲಿಲ್ಲ, 2,880ಕ್ಕೆ ನಿಂತಿತು. ಅದಕ್ಕೂ ಕಾರಣ ಇದೆ, ಮತ್ತು ಆ ಕಾರಣ ನ್ಯಾಯವಾದದ್ದೇ.

ಟೊಳ್ಳು ಪೈಪು ಲಾರಿಯ ಜಾಗ ತಿನ್ನುತ್ತೆ, ತೂಕ ಕೊಡಲ್ಲ. ಹಾಗಾಗಿ ಟ್ರಾನ್ಸ್‌ಪೋರ್ಟಿನವರು ಗಾತ್ರವನ್ನೂ ಅಳೀತಾರೆ. ರಸ್ತೆ ಸಾಗಣೆಯಲ್ಲಿ ಸಾಮಾನ್ಯವಾಗಿ ನಡೆಯೋ ಲೆಕ್ಕ ಇದು: ಉದ್ದ, ಅಗಲ, ಎತ್ತರ ಮೂರನ್ನೂ ಸೆಂಟಿಮೀಟರಿನಲ್ಲಿ ಗುಣಿಸಿ 27,000ರಿಂದ ಭಾಗಿಸಿದ್ರೆ ಘನ ಅಡಿ, ಅಂದ್ರೆ ಸಿಎಫ್‌ಟಿ ಬರುತ್ತೆ. ಒಂದು ಸಿಎಫ್‌ಟಿಗೆ 6, 7, 8 ಇಲ್ಲವೇ 10 ಕೆಜಿ ಅಂತ ಹಿಡೀತಾರೆ. ನನ್ನ ಕಟ್ಟು ಒಂದು 600 ಸೆಂ.ಮೀ. ಉದ್ದ, 45 ಅಗಲ, 9 ಎತ್ತರ. ಲೆಕ್ಕ ಹಾಕಿದ್ರೆ 9 ಸಿಎಫ್‌ಟಿ. ಹತ್ತು ಕಟ್ಟಿಗೆ 90. ಸಿಎಫ್‌ಟಿಗೆ 8 ಕೆಜಿಯಂತೆ 720 ಕೆಜಿ. ಅದೇ 6 ಆಗಿದ್ರೆ 540, 10 ಆಗಿದ್ರೆ 900. ಅಂದ್ರೆ ಕೆಜಿಗೆ ಎಷ್ಟು ಅಂತ ಮಾತ್ರ ಚೌಕಾಸಿ ಮಾಡಿ ಸಿಎಫ್‌ಟಿ ಎಷ್ಟಕ್ಕೆ ಹಿಡೀತೀರಿ ಅಂತ ಕೇಳದೇ ಇದ್ರೆ ಅರ್ಧ ಚೌಕಾಸಿ ಮಾಡಿದಂಗೆ. ನಾನು ಮಾಡಿದ್ದು ಅದೇ ತಪ್ಪು.

(27,000 ಅನ್ನೋದು ಅಡಿಗೆ 30 ಸೆಂ.ಮೀ. ಅಂತ ಹಿಡಿದ ಲೆಕ್ಕ. ನಿಜವಾದ ಅಡಿ 30.48 ಸೆಂ.ಮೀ., ಅದರ ಘನ 28,317. ಈ ಒಂದರಲ್ಲೇ ಶೇ 5ರಷ್ಟು ತೂಕ ಅವರ ಕಡೆ ವಾಲುತ್ತೆ. ಇದಕ್ಕೆ ಜಗಳ ಬೇಡ, ಗೊತ್ತಿರಲಿ ಸಾಕು.)

ಉಳಿಸೋ ದಾರಿ ಪೈಪ್ ಕಟ್ಟೋದರಲ್ಲಿದೆ. ಮೇನ್‌ಗೆ 90, ಸಬ್‌ಮೇನ್‌ಗೆ 75, 63 ಎಂಎಂ ಬೇಕಿದ್ರೆ ಒಂದರೊಳಗೊಂದು ತೂರಿಸಿ ಕಳಿಸಿ ಅಂತ ಅಂಗಡಿಯವರಿಗೆ ಹೇಳಿ. ಸಾಕೆಟ್ ಇರೋ ತುದಿ ಸಿಕ್ಕಿಹಾಕಿಕೊಳ್ಳಬಹುದು, ಮೊದಲು ಒಂದು ಜೊತೆ ತೂರಿಸಿ ನೋಡ್ಲಿ. ಮೂರೂ ಸೈಜಿನವು ಐವತ್ತೈವತ್ತು ಬೇರೆ ಬೇರೆ ಕಟ್ಟಿದ್ರೆ ಸುಮಾರು 197 ಸಿಎಫ್‌ಟಿ. ತೂರಿಸಿದ್ರೆ ಹೊರಗಿನ 90 ಎಂಎಂ ಪೈಪಿನ ಜಾಗ ಮಾತ್ರ, ಅದೇ 90 ಸಿಎಫ್‌ಟಿ. 8ರ ಲೆಕ್ಕದಲ್ಲಿ 1,570 ಕೆಜಿ ಇದ್ದದ್ದು 720ಕ್ಕೆ ಇಳಿಯುತ್ತೆ. ಬಿದಿರು ಗಳ ತರಿಸೋರು ಬುಡ ಒಂದು ಕಡೆ, ತುದಿ ಒಂದು ಕಡೆ ಅದಲುಬದಲು ಮಾಡಿ ಕಟ್ಟಿಸಿ. ಅಳತೆ ಹಿಡಿಯೋದು ಕಟ್ಟಿನ ದಪ್ಪ ಜಾಗಕ್ಕೇ. ಬಾಡಿಗೆ ಉಳಿಸೋಕೆ ಪೈಪನ್ನ ಅರ್ಧಕ್ಕೆ ಕತ್ತರಿಸಬೇಡಿ. ಕಪ್ಲರ್ ಖರ್ಚು, ಆಮೇಲೆ ಲೀಕೇಜ್ ಕಾಟ.

ನಿಮ್ಮಲ್ಲಿ ಕೆಲವರು ಎಫ್‌ಪಿಒ ನಡೆಸ್ತೀರಿ, ಕೆಲವರ ಸ್ವಂತ ಗಾಡಿಗಳು ಲಿಂಗಸುಗೂರು–ಸಿಂಧನೂರು ನಡುವೆ ಓಡ್ತಿವೆ. ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಈ ನಿಯಮ ಹಾಕೋರು ನೀವೇ ಆಗಿರಬಹುದು. ಕಾಟಾ ತೂಕ, ಸಿಎಫ್‌ಟಿ ತೂಕ, ಉದ್ದದ ಕನಿಷ್ಠ ತೂಕ, ಈ ಮೂರರಲ್ಲಿ ಯಾವುದು ದೊಡ್ಡದೋ ಅದೊಂದೇ ಚಾರ್ಜ್ ಆಗಬೇಕು. ಕೂಡಿಸೋದಲ್ಲ. ಶೀಟ್‌ನಲ್ಲಿ ಮಾಡೋದಾದ್ರೆ ಮ್ಯಾಕ್ಸ್ ಫಾರ್ಮುಲಾ ಸಾಕು. ಉದ್ದದ ನಿಯಮ ನಗಕ್ಕೆ ಅನ್ವಯಿಸಬೇಕು. ಅದಕ್ಕೆ ನಗದ ಸಂಖ್ಯೆ ಮತ್ತು ಪೈಪಿನ ಸಂಖ್ಯೆಗೆ ಬೇರೆ ಬೇರೆ ಕಾಲಂ ಇಡಿ. ರೌಂಡಪ್ ಕೂಡ ನೋಡಿಕೊಳ್ಳಿ. ನನ್ನ ಕಟ್ಟು ಒಂದಕ್ಕೆ 72 ಕೆಜಿ. ಪ್ರತಿ ನಗವನ್ನೂ ಹತ್ತರ ಲೆಕ್ಕಕ್ಕೆ ಏರಿಸಿದ್ರೆ 80, ಒಟ್ಟು 800 ಆಗ್ತಿತ್ತು. ಏರಿಸೋದಿದ್ರೆ ಬಿಲ್ಟಿಯ ಒಟ್ಟು ತೂಕಕ್ಕೆ ಒಮ್ಮೆ ಏರಿಸಿ. ಅಳತೆ ಅಡಿಯಲ್ಲೋ ಸೆಂಟಿಮೀಟರಿನಲ್ಲೋ ಅಂತ ಕಾಲಂ ಮೇಲೇ ಬರೆದಿಡಿ. ನಿಯಮ ಹಾಕಿದ ಮೇಲೆ ಒಂದು ಪೈಪು, 50 ಬಿಡಿ ಪೈಪು, 10 ಕಟ್ಟು, ಹೀಗೆ ಮೂರು ಸುಳ್ಳು ಬಿಲ್ಟಿ ಮಾಡಿ ಕೈಲೆಕ್ಕದ ಜೊತೆ ತಾಳೆ ನೋಡಿ. ರೈತ ಕೌಂಟರಿಗೆ ಬಂದು ಜಗಳ ಆಡೋದಕ್ಕಿಂತ ಮೊದಲೇ ತಪ್ಪು ಸಿಗುತ್ತೆ.

ಉದ್ದದ ನಿಯಮ ಯಾಕೆ ಇರಬೇಕು ಅಂದ್ರೆ ಗಾಡಿಯ ತೊಟ್ಟಿ. 6 ಮೀಟರ್ ಅಂದ್ರೆ 19.7 ಅಡಿ. 14, 17 ಅಡಿ ಗಾಡಿಗಳಲ್ಲಿ ಹಿಡಿಯಲ್ಲ. 19 ಅಡಿಯದ್ದರಲ್ಲೂ ಎಂಟು ಇಂಚು ಹೊರಗೆ ಚಾಚುತ್ತೆ. 2019ರ ತಿದ್ದುಪಡಿ ಆದ ಮೇಲೆ ಮೋಟಾರು ವಾಹನ ಕಾಯ್ದೆಯ 194(1ಎ) ಪ್ರಕಾರ ಸರಕು ಮಿತಿ ಮೀರಿ ಹೊರಗೆ ಚಾಚಿದ್ರೆ ದಂಡ 20,000 ರೂಪಾಯಿ. ಮೇಲೆ ಸರಕು ಇಳಿಸೋ ಖರ್ಚೂ ನಮ್ಮದೇ.

ಗೋಡೌನಿನಿಂದ ಹೊಲಕ್ಕೆ ಒಯ್ಯೋವಾಗ ಎಡವೋದೂ ಇಲ್ಲೇ. ಏಳಡಿ ತೊಟ್ಟಿಯ ಛೋಟಾ ಗಾಡಿಗೆ ಕೆಂಪು ಬಟ್ಟೆ ಕಟ್ಟಿ ಹೊರಡೋದನ್ನ ನಾವೆಲ್ಲ ನೋಡಿದ್ದೀವಿ. ಹಿಂದೆ ಬರೋ ಬೈಕಿನವನಿಗೆ ರಾತ್ರಿ ಆ ಬಟ್ಟೆ ಕಾಣಲ್ಲ. ಸಿಂಧನೂರಿಂದ ಲಿಂಗಸುಗೂರಿಗೆ ಹೋಗೋ ಲಾರಿ ಮಸ್ಕಿ ಊರೊಳಗೇ ಹಾದು ಹೋಗುತ್ತೆ. ಬುಕಿಂಗ್ ಮಾಡುವಾಗಲೇ "ಮಸ್ಕಿಯಲ್ಲಿ ಇಳಿಸಿ" ಅಂತ ಬಿಲ್ಟಿಯಲ್ಲಿ ಬರೆಸಿ, ನಗ ಎಷ್ಟು, ಸಿಎಫ್‌ಟಿ ಎಷ್ಟಕ್ಕೆ ಅನ್ನೋದನ್ನೂ ಬರೆಸಿ, ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಈ ಸಲ 63 ಎಂಎಂ ತರಿಸಿದಾಗ ಹಾಗೇ ಮಾಡಿದೆ. ಕೌಂಟರಿನಲ್ಲಿ ಎರಡು ನಿಮಿಷ ಹಿಡೀತು.