ಮಲ್ಪೆಯ ದಕ್ಕೆ ಬದಿಯಲ್ಲಿ ಒಂದು ಸೀಲ್ ಕೆಲಸ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮಲ್ಪೆಯ ದಕ್ಕೆಯಲ್ಲಿ ಬೋಟುಗಳು ಮೈಗೆ ಮೈ ತಾಗಿಸಿ ನಿಂತಿವೆ, ಶೆಡ್ಡುಗಳಲ್ಲಿ ಬಲೆ ಹೊಲಿಯುತ್ತಿದ್ದಾರೆ. ಸೇಂಟ್ ಮೇರೀಸ್ ದ್ವೀಪದ ಓಡಾಟವೂ ಮಳೆಗಾಲಕ್ಕೆ ನಿಂತಿರುವುದರಿಂದ ಪ್ರವಾಸಿಗರ ಸ್ಪೀಡ್ ಬೋಟುಗಳು ದಡ ಸೇರಿ ಟಾರ್ಪಾಲಿನಡಿ ಕೂತಿವೆ. ರಿಪೇರಿಗೆ ಇದೇ ಕಾಲ.

ನಾನು ನಿಂತಿರುವ ಶೆಡ್ಡಿನಲ್ಲಿ 150 ಅಶ್ವಶಕ್ತಿಯ ಫೋರ್ ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್ ಇದೆ. ತೂಕ 200 ಕಿಲೋಗೂ ಮೇಲೆ. ಗುಂಡಿ ಒತ್ತಿದರೆ ಏಳುತ್ತದೆ, ಇಳಿಯುತ್ತದೆ. ಆಳವಿಲ್ಲದ ಮರಳಿಗೆ ಬರುವಾಗ ಪ್ರೊಪೆಲ್ಲರ್ ನೆಲಕ್ಕೆ ಬಡಿಯದಿರಲು ಎಂಜಿನ್ ಎತ್ತಲೇಬೇಕು. ಆ ಕೆಲಸ ಬ್ರಾಕೆಟ್‌ಗಳ ನಡುವೆ ಅಡಗಿರುವ ಟ್ರಿಮ್ ಯೂನಿಟ್‌ನದು: ಒಂದು ಸಣ್ಣ ಮೋಟಾರು, ಒಂದು ಪಂಪು, ನಡುವೆ ದೊಡ್ಡ ಟಿಲ್ಟ್ ರಾಡ್, ಅಕ್ಕಪಕ್ಕ ಎರಡು ಗಿಡ್ಡ ಟ್ರಿಮ್ ರಾಡ್.

ಸಂಜೆ ಎತ್ತಿಟ್ಟ ಎಂಜಿನ್ ಬೆಳಗಾಗುವಷ್ಟರಲ್ಲಿ ಕೆಳಗಿಳಿದಿರುತ್ತದೆ ಎಂಬುದು ಮಾಲೀಕರ ದೂರು. ಮೆಕ್ಯಾನಿಕ್ ಮೊದಲು ಒಣ ಬಟ್ಟೆಯಿಂದ ರಾಡಿನ ಬುಡ ಒರೆಸಿ ನೋಡಿದರು. ಬಟ್ಟೆಗೆ ಎಣ್ಣೆ ಹತ್ತಿತು. ಅಂದರೆ ರಾಡಿನ ಸುತ್ತ ಎಣ್ಣೆ ತಡೆಯುವ ರಬ್ಬರ್ ಸೀಲ್ ಸೋರುತ್ತಿದೆ. ಹೊರಗೆ ಎಣ್ಣೆ ಕಾಣದೆ ಎಂಜಿನ್ ಇಳಿಯುತ್ತಿದ್ದರೆ ತಪ್ಪು ಒಳಗಿನ ವಾಲ್ವಿನಲ್ಲೋ, ಕೈಯಿಂದ ಇಳಿಸುವ ಸ್ಕ್ರೂ ಸಡಿಲಾದದ್ದರಲ್ಲೋ ಇರಬಹುದು. ಅದನ್ನು ನೋಡದೆ ಸೀಲ್ ತರಿಸುವುದು ದುಡ್ಡು ದಂಡ.

ಎಂಜಿನ್ ಪೂರ್ತಿ ಎತ್ತಿ, ಲಾಕ್ ಲಿವರ್ ಹಾಕಿದ್ದಲ್ಲದೆ ಹಗ್ಗವನ್ನೂ ಬಿಗಿದರು. ಇದರಲ್ಲಿ ಅವಸರ ಕೂಡದು. ಕೆಳಗೆ ಕೈ ಇದ್ದಾಗ ಅದು ಜಾರಿದರೆ ಮುಗಿಯಿತು. ಎಣ್ಣೆ ತುಂಬುವ ಪ್ಲಗ್ಗನ್ನು ನಿಧಾನ ಸಡಿಲಿಸಿ ಒತ್ತಡ ಬಿಟ್ಟರು. ಹೊರಬಂದ ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಿತ್ತು. ನೀರು ಸೇರಿದೆ.

ಕಷ್ಟವೆಲ್ಲ ಇನ್ನು ಮುಂದೆ. ರಾಡಿನ ಮುಚ್ಚಳ ಉಪ್ಪು ಕಚ್ಚಿ ಕಲ್ಲಾಗಿದೆ. ಹಲವರು ಇಲ್ಲಿ ಉಳಿ ಸುತ್ತಿಗೆ ಹಿಡಿದು ಮುಚ್ಚಳದ ತೂತುಗಳನ್ನೇ ಹಾಳು ಮಾಡುತ್ತಾರೆ. ಇವರು ತುಕ್ಕು ಬಿಡಿಸುವ ಎಣ್ಣೆ ಹಾಕಿ ಕಾದರು, ಹದವಾಗಿ ಬಿಸಿ ಕೊಟ್ಟರು, ತೂತಿಗೆ ಸರಿಯಾಗಿ ಕೂರುವ ಪಿನ್ ಸ್ಪ್ಯಾನರ್ ಇಟ್ಟು ತಿರುಗಿಸಿದರು.

ಹಳೆಯ ಸೀಲನ್ನು ಪ್ಲಾಸ್ಟಿಕ್ ಕಡ್ಡಿಯಿಂದ ಎಬ್ಬಿಸಿದ ಮೇಲೆ ಅವರು ಹೊಸದನ್ನು ಮುಟ್ಟಲಿಲ್ಲ. ರಾಡನ್ನು ಬೆಳಕಿಗೆ ಹಿಡಿದು ಉದ್ದಕ್ಕೂ ಉಗುರು ಆಡಿಸಿದರು.

"ಸೀಲ್ ಹಾಕುವುದು ದೊಡ್ಡ ವಿಷಯ ಅಲ್ಲ ಮಾರಾಯ್ರೆ. ರಾಡಲ್ಲಿ ಗುಳಿ ಉಂಟಾ ಅಂತ ನೋಡ್ಬೇಕು. ಗುಳಿ ಇದ್ರೆ ಹೊಸ ಸೀಲನ್ನೂ ಅದೇ ತಿಂತದೆ."

ನನಗೂ ಈ ಕೆಲಸದ ತಿರುಳು ಇಲ್ಲೇ ಕಂಡಿತು. ಸೀಲು ತಾನಾಗಿ ಸಾಯುವುದು ಕಡಿಮೆ. ರಾಡಿನ ಮೇಲೆ ಒಣಗಿದ ಉಪ್ಪೂ ಮರಳೂ ಪ್ರತಿ ಇಳಿತದಲ್ಲಿ ಅದರ ತುಟಿಯನ್ನು ಗೀರುತ್ತವೆ. ಈ ರಾಡ್ ಪುಣ್ಯಕ್ಕೆ ನುಣುಪಾಗಿತ್ತು.

ಹೊಸ ಓ ರಿಂಗ್, ಸೀಲ್‌ಗಳನ್ನು ಟ್ರಿಮ್ ಎಣ್ಣೆಯಲ್ಲೇ ಅದ್ದಿ ಕೂರಿಸಿದರು. ಒಳಸೀಲಿನ ತುಟಿ ಎಣ್ಣೆಯ ಕಡೆಗೆ, ಕೊಳೆ ತಡೆಯುವ ವೈಪರಿನ ತುಟಿ ಹೊರಕ್ಕೆ. ಇಲ್ಲಿ ಬ್ರೇಕ್ ಎಣ್ಣೆ ಸುರಿದರೆ ರಬ್ಬರು ಉಬ್ಬಿ ಹಾಳಾಗುತ್ತದೆ. ಹೊಸ ಎಣ್ಣೆ ತುಂಬಿ, ಹಗ್ಗ ಬಿಚ್ಚಿ, ಗಾಳಿ ಹೋಗುವ ತನಕ ನಾಲ್ಕೈದು ಸಲ ಏರಿಸಿ ಇಳಿಸಿ, ಎಂಜಿನ್ ಪೂರ್ತಿ ಎತ್ತಿದ ಸ್ಥಿತಿಯಲ್ಲಿ ಮಟ್ಟ ನೋಡಿದರು.

ಮಾಲೀಕರು ಹೊರಡುವಾಗ ಮೆಕ್ಯಾನಿಕ್ ತಡೆದು ಹೇಳಿದ್ದು ಎರಡೇ ಮಾತು: ಕಡಲಿಂದ ಬಂದ ಕೂಡಲೇ ರಾಡುಗಳಿಗೆ ಸಿಹಿನೀರು ಹೊಡೆಯಿರಿ, ಬೋಟು ದಡದಲ್ಲಿ ನಿಲ್ಲಿಸಿದಾಗ ಎಂಜಿನ್ ಇಳಿಸಿಯೇ ಇಡಿ, ರಾಡು ಒಳಗಿರಲಿ.