ರೀಲಿನ ಡಬ್ಬಿಯೊಳಗೆ ಹುಟ್ಟುವ ಹುಳಿ

ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ ‘ಬೇಡರ ಕಣ್ಣಪ್ಪ’ (1954) ತಯಾರಾದದ್ದು ಮದ್ರಾಸಿನಲ್ಲಿ. ಆಮೇಲೂ ಎಷ್ಟೋ ವರ್ಷ ಕನ್ನಡ ಸಿನಿಮಾ ಅಲ್ಲಿನ ಕೋಡಂಬಾಕಂ, ವಡಪಳನಿಯ ಸ್ಟುಡಿಯೊ, ಲ್ಯಾಬ್‌ಗಳನ್ನೇ ನೆಚ್ಚಿಕೊಂಡಿತ್ತು. ಅಂಥ ಕಡಲ ತೇವದ ಊರಿನಲ್ಲಿ ಹಳೆಯ ರೀಲಿನ ಡಬ್ಬಿ ತೆರೆದಾಗ ವಿನೆಗರ್ ವಾಸನೆ ಅಡರಿದರೆ, ಒಳಗೆ ಒಂದು ಎಸ್ಟರ್ ಮುರಿಯುತ್ತಿದೆ ಎಂದೇ ಅರ್ಥ.

ಆಮ್ಲವೂ ಆಲ್ಕೊಹಾಲೂ ಕೂಡಿ, ನೀರು ಹೊರಬಿದ್ದರೆ ಎಸ್ಟರ್. ಮೊದಲಿದ್ದ ನೈಟ್ರೇಟ್ ಫಿಲ್ಮೂ ಎಸ್ಟರೇ. ಆದರೆ ಒಮ್ಮೆ ಹೊತ್ತಿಕೊಂಡರೆ ನೀರಿನಲ್ಲಿ ಮುಳುಗಿಸಿದರೂ ಉರಿಯುವಂಥದ್ದು. ಅದರ ಬದಲಿಗೆ ಕೊಡಕ್ 1948ರಲ್ಲಿ ತಂದದ್ದು ಸೆಲ್ಯುಲೋಸ್ ಟ್ರೈಅಸಿಟೇಟ್, ಅಂದರೆ ಸೆಲ್ಯುಲೋಸಿಗೆ ಅಸಿಟಿಕ್ ಆಮ್ಲದ ತುಣುಕುಗಳನ್ನು ಬೆಸೆದದ್ದು. ಬೆಂಕಿಯ ಭಯ ಹೋಯಿತು, ನೀರಿನ ಭಯ ಬಂತು.

ಗಾಳಿಯ ತೇವ ಆ ಬೆಸುಗೆಯನ್ನು ಬಿಡಿಸುತ್ತದೆ. ಮೊದಮೊದಲು ಬಹಳ ನಿಧಾನ. ಆದರೆ ಬಿಡುಗಡೆಯಾದ ಅಸಿಟಿಕ್ ಆಮ್ಲವೇ ಮುಂದಿನ ಬೆಸುಗೆ ಬಿಡಿಸಲು ನೀರಿಗೆ ನೆರವಾಗುತ್ತದೆ. ಹೆಪ್ಪು ಬಿದ್ದ ಹಾಲಿನ ಹಾಗೆ, ಹುಳಿಯೇ ಹುಳಿಯನ್ನು ಬೆಳೆಸುತ್ತದೆ. ಫಿಲ್ಮು ಕುಗ್ಗಿ, ಸುರುಟಿ, ಕೊನೆಗೆ ಮುಟ್ಟಿದರೆ ಮುರಿಯುತ್ತದೆ. ಈ ರೋಗದ ಮೊದಲ ದೂರು ಕೊಡಕ್‌ಗೆ ಹೋದದ್ದು ಭಾರತ ಸರ್ಕಾರದಿಂದ. ಬಿಸಿಯೂ ತೇವವೂ ಕೂಡಿದ ಉಗ್ರಾಣಗಳ ನಮ್ಮ ದೇಶದಲ್ಲೇ ಅದು ಮೊದಲು ಕಾಣಿಸಿದ್ದರಲ್ಲಿ ಅಚ್ಚರಿಯಿಲ್ಲ. 21 ಡಿಗ್ರಿ ಸೆಲ್ಸಿಯಸ್, ಶೇ 50 ಆರ್ದ್ರತೆಯಲ್ಲಿ ಹೊಸ ಫಿಲ್ಮು ಹುಳಿಯಾಗತೊಡಗಲು ಸುಮಾರು 40 ವರ್ಷ ಹಿಡಿಯುತ್ತದೆಂಬುದು ತಜ್ಞರ ಅಂದಾಜು. ಚೆನ್ನೈನ ಸೆಕೆಯಲ್ಲಿ ಅಷ್ಟು ಕಾಲಾವಕಾಶ ಸಿಗದು.

ಹಾಗಾದರೆ ಕ್ಷಾರ ಹಾಕಿ ಆಮ್ಲವನ್ನು ಕೊಲ್ಲಬಾರದೇ? ಕೂಡದು. ಎಸ್ಟರಿಗೆ ಕ್ಷಾರ ಇನ್ನೂ ದೊಡ್ಡ ಶತ್ರು. ಎಣ್ಣೆಯ ಎಸ್ಟರುಗಳನ್ನು ಕಾಸ್ಟಿಕ್ ಸೋಡಾ ಸಾಬೂನಾಗಿಸುವುದು ಇದೇ ಕ್ರಿಯೆಯಿಂದ. ಹೊರಬಂದ ಆಮ್ಲ ಲವಣವಾಗಿಬಿಡುವುದರಿಂದ ಹಿಂದಿರುಗುವ ದಾರಿಯೂ ಮುಚ್ಚುತ್ತದೆ. ಅಮೋನಿಯ ಹಾಕಿದರೂ ಎಸ್ಟರ್ ಉಳಿಯದು, ಅಮೈಡ್ ಆಗುತ್ತದೆ. ಆದ್ದರಿಂದಲೇ ಡಬ್ಬಿಗಳಲ್ಲಿ ಜಿಯೊಲೈಟ್ ಪೊಟ್ಟಣ ಇಡುತ್ತಾರೆ. ಅದು ಫಿಲ್ಮಿನ ಗೊಡವೆಗೆ ಹೋಗದೆ ತೇವವನ್ನೂ ಆಮ್ಲದ ಆವಿಯನ್ನೂ ಹೀರಿಕೊಳ್ಳುತ್ತದೆ. ಅದಕ್ಕಿಂತ ಮಿಗಿಲಾದದ್ದು ಒಣ ಚಳಿ. ರೋಗ ನಿಲ್ಲದಿದ್ದರೂ ತುಂಬ ನಿಧಾನವಾಗುತ್ತದೆ.

ಈಚಿನ ಪ್ರಿಂಟುಗಳ ಪಾಲಿಯೆಸ್ಟರ್ ಕೂಡ, ಹೆಸರೇ ಹೇಳುವಂತೆ, ಎಸ್ಟರುಗಳ ಸರಪಳಿ. ಅದರ ಬೆಂಜೀನ್ ಉಂಗುರಗಳ ಬಿಗಿ ಜೋಡಣೆಯೊಳಗೆ ನೀರು ಸುಲಭವಾಗಿ ನುಗ್ಗದು. ಆದರೆ ಅದು ಹರಿಯದಷ್ಟು ಗಟ್ಟಿ. ಕ್ಯಾಮೆರಾದಲ್ಲಿ ಸಿಕ್ಕಿಕೊಂಡರೆ ಯಂತ್ರವೇ ಹಾಳು. ಅದಕ್ಕೇ ಕ್ಯಾಮೆರಾದ ನೆಗೆಟಿವ್‌ಗೆ ಟ್ರೈಅಸಿಟೇಟೇ ಉಳಿದುಕೊಂಡಿತು. ಹೀಗೆ, ಎಲ್ಲಕ್ಕಿಂತ ಬೆಲೆಬಾಳುವ ಮೂಲಪ್ರತಿಯೇ ದುರ್ಬಲ ಎಸ್ಟರಿನ ಮೇಲೆ ಕುಳಿತಿದೆ. ತಂಪು ಕೋಣೆ, ಸ್ಕ್ಯಾನಿಂಗ್ ಎರಡೂ ಮೊದಲು ಸಿಗಬೇಕಾದದ್ದು ಅದಕ್ಕೇ.