ಕನಿಷ್ಠ ಮೊತ್ತವೂ ಕಾರ್ಡಿನ ಬಡ್ಡಿಯೂ

ಕ್ರೆಡಿಟ್ ಕಾರ್ಡಿನಿಂದ ಸಾಮಾನು ಕೊಂಡವರು ತಿಂಗಳ ಲೆಕ್ಕವನ್ನು ವಾಯಿದೆಯೊಳಗೆ ಪೂರ್ತಿಯಾಗಿ ಸಲ್ಲಿಸಿದರೆ ಬಡ್ಡಿಯಿಲ್ಲವೆಂಬುದು ವಾಚಕರಿಗೆ ತಿಳಿದೇ ಇದೆ. ಆದರೆ ‘ಪೂರ್ತಿಯಾಗಿ’ ಎಂಬ ಮಾತನ್ನು ಅನೇಕ ಗೃಹಸ್ಥರು ಲಕ್ಷ್ಯಕ್ಕೆ ತಂದುಕೊಳ್ಳುವುದಿಲ್ಲ. ಲೆಕ್ಕದ ಕಾಗದದಲ್ಲಿ ‘ಕನಿಷ್ಠ ಮೊತ್ತ’ವೆಂದು ಒಂದು ಸಣ್ಣ ಅಂಕಿಯೂ ಇರುವುದಷ್ಟೆ. ಅದನ್ನು ಕಟ್ಟಿದರೆ ತಪ್ಪುವುದು ದಂಡ, ಬಡ್ಡಿಯಲ್ಲ. 20,000 ರೂಪಾಯಿಯ ಲೆಕ್ಕದಲ್ಲಿ 1,000 ಕಟ್ಟಿದರೆನ್ನೋಣ. ತಿಂಗಳಿಗೆ ನೂರಕ್ಕೆ ಮೂರೂವರೆಯಂತೆ ಉಳಿದ 19,000ಕ್ಕೆ ಒಂದು ತಿಂಗಳ ಬಡ್ಡಿಯೇ 665 ರೂಪಾಯಿ; ವರ್ಷಕ್ಕೆ ನೂರಕ್ಕೆ 42! ಹಿಂದಿನ ಕಾಲದ ಸಾಹುಕಾರನೂ ಇದನ್ನು ಕೇಳಿ ಹುಬ್ಬೇರಿಸಿಯಾನು. ಅದೂ ಸಾಮಾನ್ಯವಾಗಿ ವಾಯಿದೆಯ ದಿನದಿಂದಲ್ಲ, ಸಾಮಾನು ಕೊಂಡ ದಿನದಿಂದಲೇ ಎಣಿಕೆ. ಹಳೆಯ ಬಾಕಿ ತೀರುವವರೆಗೆ ಹೊಸದಾಗಿ ಕೊಂಡ ಅಕ್ಕಿಬೇಳೆಗೂ ಬಡ್ಡಿಯಿಲ್ಲದ ಅವಧಿ ದೊರೆಯದು. ನಗದು ತೆಗೆದರಂತೂ ಅಂದಿನಿಂದಲೇ ಬಡ್ಡಿ.

ವಾಯಿದೆ ಕಳೆದು ಮೂರು ದಿನ ಮೀರಿದ ಹೊರತು ತಡವಾದುದಕ್ಕೆ ದಂಡ ಹಾಕಕೂಡದೆಂದು ರಿಸರ್ವ್ ಬ್ಯಾಂಕು 2022ರ ನಿರ್ದೇಶದಲ್ಲಿ ವಿಧಿಸಿತು. ಈ ರಿಯಾಯಿತಿ ದಂಡಕ್ಕೆ ಸಂಬಂಧಿಸಿದುದೇ ಹೊರತು ಬಡ್ಡಿಗಲ್ಲ. ವರ್ಷಕ್ಕೆ ನೂರಕ್ಕೆ 30ನ್ನು ಮೀರಿದ ಬಡ್ಡಿ ಅನುಚಿತವೆಂದು ರಾಷ್ಟ್ರೀಯ ಗ್ರಾಹಕ ಆಯೋಗವು 2008ರಲ್ಲಿ ತೀರ್ಪಿತ್ತಿದ್ದುಂಟು. ಸುಪ್ರೀಂ ಕೋರ್ಟು 2024ರ ಡಿಸೆಂಬರಿನಲ್ಲಿ ಆ ತೀರ್ಪನ್ನು ರದ್ದುಗೊಳಿಸಿತು.